ಪಕ್ಷ ಚೀಟಿಯದು, ಸಾಕ್ಷಿ ನಮ್ಮದು

ಕಳೆದ ಮಳೆಗಾಲದ ಒಂದು ಸಂಜೆ ಮೂಡುಬಿದಿರೆಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಬಂಟ್ವಾಳ ಪೇಟೆಯ ಅಂಗಡಿಯನ್ನು ಬೇಗನೆ ಮುಚ್ಚಿ, ಸಿದ್ಧಕಟ್ಟೆಯ ದಾರಿಯ ಬಸ್ಸು ಹಿಡಿದು ಮನೆ ಸೇರಿದಾಗ ಸೂರ್ಯಾಸ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಎಲ್ಲರೂ ಊಟಕ್ಕೆ ಕುಳಿತೆವು. ಒಂಬತ್ತನೆಯ ತರಗತಿಯಲ್ಲಿದ್ದ ಮೊಮ್ಮಗಳು ಮಾತ್ರ ಅನ್ನವನ್ನು ಬೆರಳಿನಿಂದ ಕೆದಕುತ್ತ ಕುಳಿತಿದ್ದಳು. ಕಾರಣ ಕೇಳಿದೆ. ಶಾಲೆಯ ಚರ್ಚಾ ತಂಡಕ್ಕೆ ಅವಳು ಆಯ್ಕೆಯಾಗಿದ್ದಳು, ತಂದೆ ಬೇಡವೆಂದಿದ್ದ.

ಮಗನ ವಾದ ಸ್ಪಷ್ಟವಾಗಿತ್ತು. “ಬರುವ ವರ್ಷ ಎಸ್.ಎಸ್.ಎಲ್.ಸಿ. ಅಪ್ಪ. 625ರಲ್ಲಿ ಎಷ್ಟು ಬಂತು ಎಂದು ಕೇಳುವವರೇ ಎಲ್ಲರೂ. ಚರ್ಚೆಯಲ್ಲಿ ಏನು ಮಾಡಿದೆ ಎಂದು ಯಾವ ಕಾಲೇಜಿನವರೂ ಕೇಳುವುದಿಲ್ಲ. ಸಂಜೆ ಅಭ್ಯಾಸವೆಂದು ಕುಳಿತರೆ ಗಣಿತ ಯಾವಾಗ ಮಾಡುವುದು?”

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅರ್ಧ ಅಂಕದಲ್ಲಿ ಬಯಸಿದ ಕಾಲೇಜಿನ ಸ್ಥಾನ ಕೈತಪ್ಪಿದ ಮಕ್ಕಳನ್ನು ನಾವೆಲ್ಲರೂ ಕಂಡಿದ್ದೇವೆ. ಚರ್ಚಾ ತಂಡಕ್ಕೆ ಸೇರುವ ಮಗು ಪಾಠದ ಹೊತ್ತನ್ನು ಕಳೆದುಕೊಳ್ಳುತ್ತದೆ; ಸ್ಪರ್ಧೆಯ ದಿನ ತರಗತಿ ತಪ್ಪುತ್ತದೆ; ತಪ್ಪಿದ ಟಿಪ್ಪಣಿಯನ್ನು ಗೆಳತಿಯ ಪುಸ್ತಕದಿಂದ ನಕಲು ಮಾಡಿಕೊಳ್ಳಬೇಕಾಗುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. ಮನೆಯಲ್ಲಿ ತುಳು ಆಡುವ ಮಗು ವೇದಿಕೆಯಲ್ಲಿ ಗ್ರಂಥದ ಕನ್ನಡವನ್ನೋ ಇಂಗ್ಲಿಷನ್ನೋ ತಡವರಿಸದೆ ಆಡಬೇಕು. ಸಭಾಕಂಪನದಿಂದ ಬಾಯಿ ಒಣಗುತ್ತದೆ. ನಮ್ಮ ಮನೆಗಳ ಮಕ್ಕಳಿಗೆ ಇನ್ನೊಂದು ತೊಡಕು ಇದೆ. ಸ್ಪರ್ಧೆ ತಡವಾಗಿ ಮುಗಿದರೆ ಹೊತ್ತು ಮುಳುಗುವುದರೊಳಗೆ ಊಟವಿಲ್ಲ. ಹಸಿದ ಹೊಟ್ಟೆಯಲ್ಲೇ ಮರಳಿ ಬರಬೇಕು.

ನಾನು ಬಿ.ಕಾಂ. ಓದಿದವನು, ನಾಲ್ಕು ದಶಕಗಳಿಂದ ಜಮಾ-ಖರ್ಚು ಬರೆಯುತ್ತಿರುವವನು. ಆದುದರಿಂದ ಆ ರಾತ್ರಿ ಮಗನ ಮುಂದೆ ಒಂದು ಹಾಳೆಯನ್ನಿಟ್ಟು ಎರಡು ಅಂಕಣ ಮಾಡಿದೆ. ಖರ್ಚಿನ ಕಡೆಗೆ ಮೇಲೆ ಹೇಳಿದ್ದೆಲ್ಲವನ್ನೂ ಬರೆದೆ. ಜಮೆಯ ಕಡೆಗೆ ಬರೆದದ್ದು ಇಷ್ಟು: ಒಂದು ವಿಷಯವನ್ನು ಎರಡು ಕಡೆಯಿಂದಲೂ ಓದುವ ಅಭ್ಯಾಸ, ಓದಿದ್ದನ್ನು ಐದು ನಿಮಿಷಕ್ಕೆ ಇಳಿಸುವ ಶಿಸ್ತು, ತನಗೆ ಸರಿಕಾಣದ ಮಾತನ್ನು ಸಿಟ್ಟಿಲ್ಲದೆ ಕೊನೆಯವರೆಗೆ ಕೇಳುವ ತಾಳ್ಮೆ. ಕೊನೆಯದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಮಗ ಸ್ವಲ್ಪ ಹೊತ್ತು ನೋಡಿ, “ಅರ್ಧವಾರ್ಷಿಕ ಪರೀಕ್ಷೆಯವರೆಗೆ ನೋಡೋಣ, ಅಂಕ ಇಳಿದರೆ ನಿಲ್ಲಿಸಬೇಕು” ಎಂದ. ಮೊಮ್ಮಗಳು ಒಪ್ಪಿದಳು. ಸಂಜೆಯ ಊಟದ ಡಬ್ಬಿಯನ್ನು ಸೊಸೆ ವಹಿಸಿಕೊಂಡಳು.

ಇಲ್ಲಿಗೆ ಸಮಸ್ಯೆ ಮುಗಿಯಿತೆಂದುಕೊಂಡೆ. ನಿಜವಾದ ಸಮಸ್ಯೆ ಎರಡು ವಾರಗಳ ಬಳಿಕ ಬಂತು.

ನಮ್ಮ ಶಾಲೆಗಳ ಚರ್ಚಾ ಸ್ಪರ್ಧೆಯ ಕ್ರಮವನ್ನು ಓದುಗರು ಬಲ್ಲರು. ಹೆಚ್ಚಿನ ಕಡೆ ಒಂದು ತಂಡಕ್ಕೆ ಇಬ್ಬರು. ಒಬ್ಬರು ವಿಷಯದ ಪರವಾಗಿ, ಇನ್ನೊಬ್ಬರು ವಿರೋಧವಾಗಿ ಮಾತನಾಡಬೇಕು. ಇಬ್ಬರ ಅಂಕಗಳನ್ನೂ ಕೂಡಿಸಿ ತಂಡದ ಸ್ಥಾನ ನಿರ್ಧಾರವಾಗುತ್ತದೆ. ಯಾರು ಯಾವ ಪಕ್ಷ ಎಂಬುದನ್ನು ಅಧ್ಯಾಪಕರು ಹೇಳುತ್ತಾರೆ, ಇಲ್ಲವೆ ಚೀಟಿ ಎತ್ತುತ್ತಾರೆ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಮೊಬೈಲ್ ಫೋನು ಅಗತ್ಯವೇ ಎಂಬುದು ವಿಷಯ. ಅಗತ್ಯವೆಂದು ನಂಬಿದ್ದ ನಮ್ಮ ಹುಡುಗಿಗೆ ಚೀಟಿಯಲ್ಲಿ ಬಂದದ್ದು ವಿರೋಧದ ಪಕ್ಷ.

ಫೋನಿನಲ್ಲಿ ಕೇಳಿದಳು: “ಅಜ್ಜ, ನನಗೆ ನಂಬಿಕೆಯಿಲ್ಲದ್ದನ್ನು ನಂಬಿದವಳ ಹಾಗೆ ಹೇಳಿದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವೇ? ಸತ್ಯಾಣುವ್ರತ ಎಂದು ನೀವೇ ಪಾಠ ಮಾಡಿದ್ದೀರಿ.”

ಮಕ್ಕಳು ಇಂತಹ ಪ್ರಶ್ನೆ ಕೇಳಿದಾಗ ಕೂಡಲೇ ಉತ್ತರ ಕೊಡಬಾರದು. ಭಾನುವಾರ ಬರುತ್ತೇನೆಂದು ಹೇಳಿ ಆ ನಾಲ್ಕು ದಿನ ಯೋಚಿಸಿದೆ.

ನನಗೆ ಮೊದಲು ನೆನಪಾದದ್ದು ನಮ್ಮ ಕರಾವಳಿಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆ, ಅರ್ಥಧಾರಿಗಳ ಮಾತು ಇಷ್ಟೇ. ಬರೆದುಕೊಟ್ಟ ಸಂಭಾಷಣೆ ಇಲ್ಲದೆ ರಾತ್ರಿಯಿಡೀ ಎರಡು ಪಾತ್ರಗಳು ವಾದಿಸುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನಿಸುವಾಗ ಸಭೆಗೆ ಸಭೆಯೇ ಉಸಿರು ಬಿಗಿಹಿಡಿಯುತ್ತಿತ್ತು. ವಾಲಿಯ ಅರ್ಥ ಹೇಳಿದವರನ್ನು ರಾಮದ್ವೇಷಿ ಎಂದು ಯಾರಾದರೂ ಕರೆದರೇ? ಇಂದು ವಾಲಿಯಾದವರು ನಾಳೆ ರಾಮನಾಗಬಹುದೆಂದು ಎಲ್ಲರಿಗೂ ಗೊತ್ತಿತ್ತು. ಮೋಸವೆಂದರೆ ಕೇಳುವವನಿಗೆ ತಿಳಿಯದಂತೆ ಮಾಡುವುದು. ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಆದರೆ ಅದೇ ಅರ್ಥಧಾರಿ ಪ್ರಸಂಗದಲ್ಲಿಲ್ಲದ ಘಟನೆಯನ್ನು ನಡೆದದ್ದೆಂದು ಹೇಳಿದರೆ, ಶಾಸ್ತ್ರದಲ್ಲಿಲ್ಲದ ಮಾತನ್ನು ಶಾಸ್ತ್ರವೆಂದರೆ, ಎದುರು ಕುಳಿತವರು ಬಿಡುತ್ತಿರಲಿಲ್ಲ.

ನಮ್ಮ ಆಚಾರ್ಯರ ದಾರಿಯೂ ಇದೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ ಮುಂತಾದ ಕಡೆಗಳಲ್ಲಿ ವಾದಭೇರಿಯನ್ನು ಹೊಡೆದು ಸಂಚರಿಸಿದ ಸಂಗತಿ ಅದರಲ್ಲಿದೆ. ಅವರ ಆಪ್ತಮೀಮಾಂಸೆಯ 114 ಕಾರಿಕೆಗಳನ್ನು ನೋಡಿದರೆ, ನಿತ್ಯವೋ ಅನಿತ್ಯವೋ, ದೈವವೋ ಪುರುಷಪ್ರಯತ್ನವೋ ಎಂಬ ಎರಡು ಪಕ್ಷಗಳನ್ನೂ ಎದುರಿಗಿಟ್ಟುಕೊಂಡು, ಒಂದನ್ನೇ ಹಿಡಿದರೆ ಎಲ್ಲಿ ಎಡವುತ್ತೇವೆಂದು ತೋರಿಸುತ್ತಾರೆ. ಎದುರು ಪಕ್ಷವನ್ನು ಅದರವರೇ ಹೇಳುವಷ್ಟು ಚೆನ್ನಾಗಿ ಹೇಳಲು ಬಾರದವನಿಗೆ ಈ ಕೆಲಸ ಸಾಧ್ಯವಿಲ್ಲ. ನ್ಯಾಯಸೂತ್ರಗಳು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯ ಕಥೆಗಳನ್ನು ಹೇಳಿ, ತತ್ತ್ವವನ್ನು ಕಾಯಲು ಕೊನೆಯ ಎರಡಕ್ಕೂ ಎಡೆ ಕೊಟ್ಟವು. ಜಲ್ಪದಲ್ಲಿ ಛಲ, ಎಂದರೆ ಎದುರಾಳಿಯ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚುವ ಉಪಾಯವೂ ಸಲ್ಲುತ್ತದೆ. ಅಕಲಂಕರು ಇದನ್ನು ಒಪ್ಪಲಿಲ್ಲ. ಅವರ ದೃಷ್ಟಿಯಲ್ಲಿ ಜಯವೆಂದರೆ ತನ್ನ ಪಕ್ಷವನ್ನು ಸರಿಯಾದ ಸಾಧನದಿಂದ ಸಿದ್ಧಪಡಿಸುವುದು. ಎದುರಾಳಿಯನ್ನು ತಬ್ಬಿಬ್ಬುಗೊಳಿಸುವುದು ಜಯವಲ್ಲ.

ಭಾನುವಾರ ಇದನ್ನೆಲ್ಲ ಸರಳವಾಗಿ ಹೇಳಿದೆ. ಹುಡುಗಿಗೆ ಸಮಾಧಾನವಾಯಿತು. ತಾನು ಬರೆದ ಭಾಷಣವನ್ನು ಓದಿ ತೋರಿಸಿದಳು. ಚೆನ್ನಾಗಿಯೇ ಇತ್ತು. ನಡುವೆ ಒಂದು ಕಡೆ, “ಒಂದು ಅಂತಾರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಶೇಕಡಾ ಇಷ್ಟು ಮಕ್ಕಳ ನೆನಪಿನ ಶಕ್ತಿ ಕುಂದಿದೆ” ಎಂಬ ವಾಕ್ಯ ಬಂತು.

“ಯಾರ ಸಮೀಕ್ಷೆ?” ಎಂದೆ.

“ಗೊತ್ತಿಲ್ಲ ಅಜ್ಜ, ಮೊಬೈಲಿನಲ್ಲಿ ಬಂತು. ಒಂದಾದರೂ ಅಂಕಿ ಇಲ್ಲದಿದ್ದರೆ ತೀರ್ಪುಗಾರರು ಮಾರ್ಕು ಕೊಡುವುದಿಲ್ಲವಂತೆ.”

ನಾನು ಮಾತನಾಡಲಿಲ್ಲ. ಐವತ್ತು ವರ್ಷಗಳಿಂದ ಯಾರಿಗೂ ಹೇಳದ ಒಂದು ಸಂಗತಿ ಗಂಟಲಿಗೆ ಬಂದಿತ್ತು. ಅಂದು ಅವಳಿಗೆ ಹೇಳಿದೆ. ಇಂದು ಓದುಗರಿಗೂ ಹೇಳುತ್ತೇನೆ.

1974ರಲ್ಲಿ ನೇತ್ರಾವತಿಯ ನೆರೆ ಬಂಟ್ವಾಳ ಪೇಟೆಗೆ ನುಗ್ಗಿದ ವರ್ಷ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆ ವರ್ಷದ ಕೊನೆಯಲ್ಲಿ ಮೂಡುಬಿದಿರೆಯಲ್ಲಿ ಒಂದು ಅಂತರಶಾಲಾ ಚರ್ಚಾ ಸ್ಪರ್ಧೆ ನಡೆಯಿತು. ಯಂತ್ರಗಳಿಂದ ಹಳ್ಳಿಯ ಬದುಕಿಗೆ ಕೇಡು ಎಂಬುದು ವಿಷಯ. ನಾನು ಪರವಾಗಿ ಮಾತನಾಡಬೇಕಿತ್ತು. ಐದು ನಿಮಿಷದ ಭಾಷಣ, ಕೊನೆಯಲ್ಲಿ ಎರಡು ನಿಮಿಷದ ಖಂಡನೆ. ವಿರೋಧವಾಗಿ ಮಾತನಾಡಿದವರಲ್ಲಿ ಬೆಳ್ತಂಗಡಿ ತಾಲೂಕಿನ ಹಳ್ಳಿಯೊಂದರ ಹುಡುಗನಿದ್ದ. ತೊಟ್ಟ ಅಂಗಿ ಅವನ ಅಳತೆಯದಾಗಿರಲಿಲ್ಲ. ಅವನು ಪುಸ್ತಕದ ಮಾತು ಆಡಲಿಲ್ಲ. ತಾನು ಚಿಕ್ಕವನಿದ್ದಾಗ ತಾಯಿ ಕೂಲಿಗೆ ಭತ್ತ ಕುಟ್ಟುತ್ತಿದ್ದಳು; ಸಂಜೆಗೆ ಅವಳ ತೋಳು ಮೇಲೇಳುತ್ತಿರಲಿಲ್ಲ; ಅಕ್ಕಿಯ ಗಿರಣಿ ಬಂದ ಮೇಲೆ ಒನಕೆ ಮೂಲೆ ಸೇರಿತು; ಈಗ ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತಾಳೆ; ತಾನು ಶಾಲೆಗೆ ಬಂದದ್ದು ಆ ಗಿರಣಿಯಿಂದಾಗಿ ಎಂದ. ಸಭೆ ಸ್ತಬ್ಧವಾಯಿತು.

ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ. ಖಂಡನೆಗೆ ಎದ್ದು ನಿಂತಾಗ ಕಾಲು ನಡುಗುತ್ತಿತ್ತು. ಆಗ ನಾಲಗೆಗೆ ತಾನಾಗಿ ಒಂದು ಮಾತು ಬಂತು. ಗಿರಣಿಗಳಿಂದ ನಮ್ಮ ಜಿಲ್ಲೆಯಲ್ಲಿ ಎಷ್ಟು ಸಾವಿರ ಕುಟುಂಬಗಳು ಕೆಲಸ ಕಳೆದುಕೊಂಡವೆಂದು ಒಂದು ಅಂಕಿಯನ್ನು ಹೇಳಿ, “ಇದು ಸರಕಾರದ ವರದಿಯಲ್ಲಿದೆ. ಒಬ್ಬ ತಾಯಿಯ ಕಥೆ ವರದಿಯಾಗುವುದಿಲ್ಲ” ಎಂದೆ. ಅಂತಹ ವರದಿಯನ್ನು ನಾನು ಓದಿರಲಿಲ್ಲ. ಇದೆಯೆಂದು ಕೇಳಿಯೂ ಇರಲಿಲ್ಲ. ಚಪ್ಪಾಳೆ ಬಿತ್ತು. ತೀರ್ಪುಗಾರರು ಅಂಕಿಅಂಶಗಳ ಬಳಕೆಗಾಗಿ ನನ್ನನ್ನು ಹೆಸರು ಹಿಡಿದು ಹೊಗಳಿದರು. ಪರ್ಯಾಯ ಫಲಕ ನಮ್ಮ ಶಾಲೆಗೆ ಬಂತು. ನನ್ನ ತಂದೆ ಅಂಗಡಿಗೆ ಬಂದವರಿಗೆಲ್ಲ ಸಕ್ಕರೆ ಹಂಚಿದರು.

ಇಪ್ಪತ್ತು ವರ್ಷಗಳ ಬಳಿಕ, ತಂದೆಯವರು ತೀರಿಕೊಂಡು ನಾನು ಗಲ್ಲದಲ್ಲಿ ಕುಳಿತಿದ್ದ ಕಾಲದಲ್ಲಿ, ಒಬ್ಬರು ಬೆಲ್ಲ ಕೊಳ್ಳಲು ಬಂದು ನನ್ನನ್ನೇ ನೋಡುತ್ತ ನಿಂತರು. ಅದೇ ಹುಡುಗ. ಬೆಳ್ತಂಗಡಿಯ ಕಡೆಯ ಒಂದು ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಬಹಳ ಆದರದಿಂದ ಮಾತನಾಡಿದರು. ಕೊನೆಯಲ್ಲಿ, “ನೀವು ಅಂದು ಹೇಳಿದ ಆ ವರದಿ ಯಾವುದು? ನಾನು ಕೆಲವು ಗ್ರಂಥಾಲಯಗಳಲ್ಲಿ ಹುಡುಕಿದೆ, ಸಿಗಲಿಲ್ಲ. ಮಕ್ಕಳಿಗೆ ತೋರಿಸಬೇಕೆಂದಿದ್ದೆ” ಎಂದರು.

“ಹೆಸರು ಮರೆತುಹೋಗಿದೆ ಮಾಸ್ಟ್ರೇ” ಎಂದೆ.

ಮೊದಲನೆಯ ಸುಳ್ಳು ಹದಿನಾಲ್ಕು ವರ್ಷದ ಹುಡುಗನದು. ಎರಡನೆಯದು ತಕ್ಕಡಿಯ ಮುಂದೆ ಕುಳಿತ, ಸ್ವಾಧ್ಯಾಯ ನಡೆಸುವ, ಬಸದಿಯಲ್ಲಿ ಪ್ರವಚನ ಮಾಡುವ ಗೃಹಸ್ಥನದು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖವನ್ನು ಹೇಳುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಡಿಮೆ ತೂಗಿ ಕೊಡುವುದನ್ನೂ ಹೆಚ್ಚು ತೂಗಿ ಕೊಳ್ಳುವುದನ್ನೂ ಹೇಳುತ್ತದೆ. ಎರಡನ್ನೂ ಎಷ್ಟೋ ಬಾರಿ ವಿವರಿಸಿದ್ದೇನೆ. ಅಂಗಡಿಯ ತೂಕದ ಬಟ್ಟುಗಳಿಗೆ ತಪ್ಪದೆ ಸರಕಾರದ ಮುದ್ರೆ ಹಾಕಿಸಿದವನು, ನಾಲಗೆಯ ಮೇಲೆ ಕಳ್ಳ ಬಟ್ಟು ಇಟ್ಟುಕೊಂಡು ಒಬ್ಬ ತಾಯಿಯ ದುಡಿಮೆಯನ್ನು ತೂಗಿಬಿಟ್ಟಿದ್ದೆ.

ಮೊಮ್ಮಗಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು: “ಅವರಿಗೆ ಹೇಳಿದಿರಾ ಅಜ್ಜ?”

ಪ್ರತಿವರ್ಷವೂ ದಶಲಕ್ಷಣ ಪರ್ವ ಮುಗಿದ ಬಳಿಕ ಕ್ಷಮಾವಾಣಿಯ ದಿನ ನಾವು ಪರಸ್ಪರ ಕ್ಷಮೆ ಕೇಳುತ್ತೇವೆ. ಬಹುಮಟ್ಟಿಗೆ ಯಾರಿಗೆ ಯಾವ ಅಪರಾಧವನ್ನೂ ಮಾಡಿರುವುದಿಲ್ಲವೋ ಅವರಲ್ಲಿಯೇ ಕೇಳುತ್ತೇವೆ. ಕಳೆದ ವರ್ಷ ಆ ದಿನ ನಾನು ಬಸದಿಯಿಂದ ನೇರವಾಗಿ ಬಸ್ಸು ಹತ್ತಿದೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟುವಷ್ಟು ಹೊತ್ತೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಚರ್ಚಾ ಸ್ಪರ್ಧೆಗೆ ಹೋಗುವ ಹುಡುಗನಿಗಿಂತ ಹೆಚ್ಚಿನ ನಡುಕವಿತ್ತು.

ಮಾಸ್ಟ್ರು ನಿವೃತ್ತರಾಗಿ ಮನೆಯಲ್ಲಿದ್ದರು. ಕುಳ್ಳಿರಿಸಿ ನೀರು ಬೆಲ್ಲ ಕೊಟ್ಟರು. ನಾನು ಹೇಳಿದೆ. ಅವರು ಬಹಳ ಹೊತ್ತು ಅಂಗಳವನ್ನೇ ನೋಡುತ್ತಿದ್ದರು.

“ಅಂದು ಮನೆಗೆ ಹೋದಾಗ ಅಮ್ಮ ಕೇಳಿದಳು, ನನ್ನ ವಿಷಯ ಹೇಳಿದೆಯಾ ಎಂದು. ಹೇಳಿದೆ, ಆದರೆ ಅದು ವರದಿಯಲ್ಲಿ ಇಲ್ಲವಂತೆ ಎಂದೆ. ಆಮೇಲೆ ಎಷ್ಟೋ ದಿನ ಬೀಡಿ ಕಟ್ಟುತ್ತ ಅವಳು ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಳು, ‘ನಾನು ಕುಟ್ಟಿದ್ದು ವರದಿಯಲ್ಲಿ ಇಲ್ಲವಂತೆ’ ಎಂದು. ಅವಳು ಈಗ ಇಲ್ಲ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು, “ನಿಮ್ಮಿಂದ ನನಗೆ ಒಂದು ಲಾಭವೂ ಆಗಿದೆ. ಆ ವರದಿ ಸಿಗಲೇ ಇಲ್ಲವಲ್ಲ, ಅಂದಿನಿಂದ ನನ್ನ ಶಾಲೆಯ ಮಕ್ಕಳಿಗೆ ಕೇಳಲು ಕಲಿಸಿದೆ. ಯಾರಾದರೂ ಅಂಕಿ ಹೇಳಿದರೆ, ಯಾರು ಎಣಿಸಿದ್ದು, ಯಾವ ವರ್ಷ, ಎಲ್ಲಿ ಎಂದು ಮೂರು ಪ್ರಶ್ನೆ ಕೇಳಬೇಕು. ನಿಮ್ಮ ಮೊಮ್ಮಗಳಿಗೂ ಹೇಳಿ” ಎಂದರು.

ಹೇಳಿದೆ. ಅವಳು ಆ ಸಮೀಕ್ಷೆಯ ವಾಕ್ಯವನ್ನು ಹೊಡೆದುಹಾಕಿದಳು. ಅದರ ಬದಲಿಗೆ ತನ್ನ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸಿ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾರೆ, ಮೊಬೈಲನ್ನು ಯಾತಕ್ಕೆ ಬಳಸುತ್ತಾರೆ ಎಂದು ಪುಸ್ತಕದಲ್ಲಿ ಬರೆದುಕೊಂಡಳು. ವೇದಿಕೆಯಲ್ಲಿ, “ಇದು ನನ್ನ ಒಂದು ತರಗತಿಯ ಲೆಕ್ಕ ಮಾತ್ರ, ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ ಎನ್ನಲಾರೆ” ಎಂದು ಹೇಳಿಯೇ ಮುಂದುವರಿದಳು. ಮೂರನೆಯ ಸ್ಥಾನ ಬಂತು. ಮೊದಲ ಸ್ಥಾನ ಪಡೆದ ಹುಡುಗನ ಭಾಷಣದಲ್ಲಿ ಐದಾರು ಸಮೀಕ್ಷೆಗಳಿದ್ದವು. ಅವು ನಿಜವೋ ಅಲ್ಲವೋ ನಾನರಿಯೆ, ತೀರ್ಪುಗಾರರೂ ಕೇಳಲಿಲ್ಲ. ಮರಳುವಾಗ ಬಸ್ಸಿನಲ್ಲಿ ಅವಳು ಸ್ವಲ್ಪ ಅತ್ತಳು. ಸೋಲು ನ್ಯಾಯವಾಗಿರಲಿ ಅನ್ಯಾಯವಾಗಿರಲಿ ನೋಯುತ್ತದೆ. ಹಾಗಲ್ಲವೆಂದು ಮಕ್ಕಳಿಗೆ ಹೇಳುವುದೂ ಒಂದು ಸುಳ್ಳೇ. ಡಬ್ಬಿ ಬಿಚ್ಚಿ, ಹೊತ್ತು ಮುಳುಗುವ ಮೊದಲು ಇಬ್ಬರೂ ಚಪಾತಿ ತಿಂದೆವು.

ಮಗನಿಗೆ ಕೊಟ್ಟ ಲೆಕ್ಕವನ್ನೂ ಒಪ್ಪಿಸಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ತುಸು ಇಳಿಯಿತು. ಕನ್ನಡದಲ್ಲಿಯೂ ಸಮಾಜ ವಿಜ್ಞಾನದಲ್ಲಿಯೂ ಏರಿತು. ಮಗ ಹಾಳೆಯನ್ನು ಎರಡು ಬಾರಿ ನೋಡಿ, ಗಣಿತಕ್ಕೆ ಬೆಳಗಿನ ಒಂದು ಗಂಟೆಯನ್ನು ತಾನೇ ಹೇಳಿಕೊಡುವುದೆಂದು ನಿಶ್ಚಯಿಸಿದ. ಚರ್ಚೆ ಬೇಡವೆಂದು ಮತ್ತೆ ಹೇಳಲಿಲ್ಲ. ಹತ್ತನೆಯ ತರಗತಿಯಲ್ಲಿ ಒಂದು ವರ್ಷ ಬಿಡುವುದೆಂದು ತಂದೆ-ಮಗಳು ಮಾತನಾಡಿಕೊಂಡಿದ್ದಾರೆ. ಅದು ವಿವೇಕದ ಮಾತು; ಎಲ್ಲವನ್ನೂ ಎಲ್ಲ ಕಾಲಕ್ಕೂ ಮಾಡಲಾಗುವುದಿಲ್ಲ.

ಬಸದಿಗಳ ಆಡಳಿತ ನೋಡಿಕೊಳ್ಳುವ ಬಂಧುಗಳಲ್ಲಿ ಒಂದು ವಿನಂತಿಯಿದೆ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ಪ್ರೌಢಶಾಲೆಯ ಮಕ್ಕಳ ಚರ್ಚೆಗೆ ಬಿಟ್ಟುಕೊಡಬೇಕು. ಮತಭೇದವಿಲ್ಲದೆ ನೆರೆಹೊರೆಯ ಎಲ್ಲ ಮಕ್ಕಳೂ ಬರಲಿ. ಪ್ರತಿಯೊಬ್ಬರೂ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ಮಾತನಾಡಲಿ. ಹೇಳಿದ ಅಂಕಿಯ ಮೂಲವನ್ನು ಚೀಟಿಯಲ್ಲಿ ಬರೆದು ಕೊಡುವ ನಿಯಮವಿರಲಿ. ಮೂಲವಿಲ್ಲದ ಅಂಕಿಗೆ ಅಂಕ ಕಳೆಯಲಿ. ಕಣ್ಣಾರೆ ಕಂಡ ಸಂಗತಿಯೂ ಸಾಕ್ಷಿಯೆಂದು ಎಣಿಕೆಯಾಗಲಿ. ದೂರದ ಮಕ್ಕಳ ಬಸ್ಸಿನ ಖರ್ಚನ್ನು ವಿದ್ಯಾನಿಧಿಯಿಂದ ಭರಿಸಬಹುದು. ಹೊತ್ತಿಗೆ ಮುಂಚೆ ಊಟವಾಗಲಿ. ಇದಕ್ಕೆ ದೊಡ್ಡ ಸಭಾಭವನ ಬೇಡ, ಧ್ವನಿವರ್ಧಕವೂ ಬೇಡ.

ಫಲಕವನ್ನು ಕೊಡುವುದೇ ಆದರೆ ಅದಕ್ಕೆ ಯಾರ ಹೆಸರನ್ನಿಡಬೇಕೆಂದು ನನ್ನ ಮನಸ್ಸಿನಲ್ಲಿದೆ. ಆದರೆ ಆ ತಾಯಿಯ ಹೆಸರನ್ನು ನಾನು ಅಂದೂ ಕೇಳಲಿಲ್ಲ. ಮೊನ್ನೆ ಅವರ ಮಗನ ಮನೆಯಲ್ಲಿ ಕುಳಿತಾಗಲೂ ಕೇಳಲು ನಾಲಗೆ ಏಳಲಿಲ್ಲ. ಬರುವ ಕ್ಷಮಾವಾಣಿಗೆ ಮತ್ತೆ ಹೋಗಬೇಕು.